ಓದುಗರ ಪ್ರಶ್ನೆ: ಬೇಟೆಗೆ ಬಿಟ್ಟ ಹದ್ದು ಹಾಗೇ ಹಾರಿಹೋಗಲ್ವಾ?

ಮಂಗೋಲಿಯಾದ ಕಜಕ್ ಬೇಟೆಗಾರರ ವಿಡಿಯೋ ಯಾರದೋ ಮೊಬೈಲಿಗೆ ಬಂದಾಗಲೆಲ್ಲ ಈ ಪ್ರಶ್ನೆ ನನ್ನ ಬಾಗಿಲಿಗೂ ಬರುತ್ತದೆ. ಕುದುರೆ ಮೇಲೆ ಕೂತ ಮನುಷ್ಯ, ಕೈಮೇಲೆ ದೊಡ್ಡ ಹದ್ದು, ಸುತ್ತ ಹಿಮ. ಹದ್ದು ಹಾರುತ್ತದೆ, ನರಿ ಹಿಡಿಯುತ್ತದೆ, ಮತ್ತೆ ಅವನ ಕೈಗೇ ಬರುತ್ತದೆ. "ಹಾಗೇ ಹಾರಿಹೋಗಬಹುದಲ್ವಾ, ಯಾಕೆ ಹೋಗಲ್ಲ?" ಕೇಳುವವರು ಉತ್ತರವನ್ನೂ ತಾವೇ ಜೋಡಿಸಿರುತ್ತಾರೆ: "ಸಾಕಿದವನ ಮೇಲಿನ ಪ್ರೀತಿ ಇರಬೇಕು ಅಲ್ವಾ ಸಾರ್?"

ಅಲ್ಲ. ಎಷ್ಟು ಸಲ ಹೇಳಿದ್ದೇನೋ, ಇನ್ನೊಂದು ಸಲ ಹೇಳುತ್ತೇನೆ. ಹೊಟ್ಟೆ ತುಂಬಿದ್ದರೆ ಅದು ಹೋಗಿಯೇ ಹೋಗುತ್ತದೆ. ವಾಪಸ್ ಬರುವುದು ಹಸಿವಿಗೆ, ಮತ್ತು ಆ ಹಸಿವಿನ ಮೇಲೆ ಕಟ್ಟಿದ ಅಭ್ಯಾಸಕ್ಕೆ.

ಹಕ್ಕಿ ಯಾವುದು ಅನ್ನುವುದನ್ನು ಬೇಗ ಮುಗಿಸಿಬಿಡುತ್ತೇನೆ. ಇದು ಗೋಲ್ಡನ್ ಈಗಲ್. ರಣಹದ್ದೂ ಅಲ್ಲ, ನಮ್ಮ ಬಿಳಿ ಎದೆಯ ಗರುಡನೂ ಅಲ್ಲ. ಕಜಕರು ಇದನ್ನು ಬುರ್ಕಿತ್ ಅನ್ನುತ್ತಾರೆ, ಬೇಟೆಗಾರ ಬುರ್ಕಿತ್ಶಿ. ಪಶ್ಚಿಮ ಮಂಗೋಲಿಯಾದ ಬಯಾನ್-ಉಲ್ಗಿ ಪ್ರಾಂತ್ಯದಲ್ಲಿ ಇವರು ಜಾಸ್ತಿ. ಕುರಿ, ಮೇಕೆ, ಕುದುರೆ ಮೇಯಿಸುವುದೇ ಅವರ ಬದುಕು, ಬೇಟೆ ಚಳಿಗಾಲದ ಕೆಲಸ. ಬೇಟೆಗೆ ಸಾಮಾನ್ಯವಾಗಿ ಹೆಣ್ಣು ಹಕ್ಕಿಯೇ ಬೇಕು, ಗಂಡಿಗಿಂತ ಅದು ದೊಡ್ಡದು. 6 ಕಿಲೋ ತೂಗುವುದೂ ಉಂಟು. ನಮ್ಮೂರ ಆಕಾಶದಲ್ಲಿ ಸುತ್ತುವ ಹದ್ದು ಒಂದು ಕಿಲೋನೂ ಇರುವುದಿಲ್ಲ. ಅಷ್ಟು ಭಾರವನ್ನು ದಿನವಿಡೀ ಕೈಯಲ್ಲಿ ಹೊರಲಾಗದೆ, ತೋಳಿಗೆ ಆನಿಕೆಯಾಗಿ ಬಲ್ಡಾಕ್ ಅನ್ನುವ ಕವಲುಗೋಲನ್ನು ಜೀನಿಗೆ ಸಿಕ್ಕಿಸಿರುತ್ತಾರೆ.

ಈಗ ಈ ಪ್ರೀತಿಯ ವಿಷಯ.

ನಾವು ನಾಯಿಯನ್ನು ನೋಡಿ ಹದ್ದನ್ನು ಅಳೆಯುತ್ತಿದ್ದೇವೆ, ತೊಂದರೆ ಶುರುವಾಗುವುದೇ ಅಲ್ಲಿ. ನಾಯಿ ಗುಂಪಿನ ಪ್ರಾಣಿ. ಯಾರನ್ನಾದರೂ ಹಿಂಬಾಲಿಸುವುದು, ಮೆಚ್ಚಿಸುವುದು ಅದರ ಹುಟ್ಟುಗುಣ. ಈ ಹದ್ದಿಗೆ ಗುಂಪೇ ಇಲ್ಲ. ಜೋಡಿ ಬಿಟ್ಟರೆ ಯಾರೂ ಬೇಡ. ಯಜಮಾನ ಅನ್ನುವ ಖಾನೆಯೇ ಅದರ ತಲೆಯಲ್ಲಿಲ್ಲದಿದ್ದರೆ, ನಿಷ್ಠೆ ತೋರಿಸುವುದು ಯಾರಿಗೆ? ಮಟನ್ ಅಂಗಡಿ ಮೇಲೆ ಬೆಳಿಗ್ಗೆಯಿಂದ ಗಿರಕಿ ಹೊಡೆಯುವ ಹದ್ದನ್ನು ನೋಡಿ, ಅಂಗಡಿಯವನ ಮೇಲೆ ಅದಕ್ಕೆಷ್ಟು ಪ್ರೀತಿ ಅಂತ ನಾವ್ಯಾರೂ ಕಣ್ಣೀರು ಹಾಕುವುದಿಲ್ಲ ತಾನೇ?

ಪಳಗಿಸುವ ರೀತಿ ನೋಡಿದರೂ ಇದೇ ಗೊತ್ತಾಗುತ್ತದೆ. ಬೇಟೆಯ ಕಾಲಕ್ಕೆ ಮುಂಚೆ ಹದ್ದಿನ ಕೊಬ್ಬು ಇಳಿಸಬೇಕು. ಅದಕ್ಕೆ 'ಅಕ್ ಜೆಮ್' ಕೊಡುತ್ತಾರೆ, ಅಂದರೆ ಬಿಳಿ ಮೇವು. ಮಾಂಸವನ್ನು ನೀರಿನಲ್ಲಿ ನೆನೆಹಾಕಿ, ರಕ್ತವೆಲ್ಲ ಹೋಗುವ ತನಕ ತೊಳೆದು, ಬಿಳುಚಿದ ತುಂಡುಗಳನ್ನು ತಿನ್ನಿಸುವುದು. ಹೊಟ್ಟೆಗೆ ಏನೋ ಬಿತ್ತು, ಮೈಗೆ ಹತ್ತಲಿಲ್ಲ. ಜಾಸ್ತಿ ಇಳಿಸಿದರೆ ಹಕ್ಕಿ ಸೊರಗುತ್ತದೆ, ಕಮ್ಮಿ ಇಳಿಸಿದರೆ ಹಾರಿ ಬಂಡೆ ಮೇಲೆ ಕೂತು ಕೆಳಗೆ ಕೂಗುತ್ತಿರುವವನನ್ನು ತಿರುಗಿಯೂ ನೋಡುವುದಿಲ್ಲ. ಒಳ್ಳೆಯ ಬುರ್ಕಿತ್ಶಿ ಎದೆಮೂಳೆಯ ಅಕ್ಕಪಕ್ಕ ಕೈಯಾಡಿಸಿಯೇ ಹಕ್ಕಿ ಎಷ್ಟು ಹದಕ್ಕೆ ಬಂದಿದೆ ಅಂತ ಹೇಳುತ್ತಾನೆ. ವಿದ್ಯೆ ಇರುವುದು ಅಲ್ಲಿ. ಅದನ್ನು ಬಿಟ್ಟು ಸುಮ್ನೆ ಪ್ರೀತಿ ಪ್ರೀತಿ ಅಂದರೆ, ಆ ಬೆರಳುಗಳಿಗೆ ಅವಮಾನ ಮಾಡಿದಂತೆ.

ಹದ್ದು ನರಿಯನ್ನು ಎತ್ತಿಕೊಂಡು ಬಂದು ಕಾಲಬಳಿ ಇಡುತ್ತದೆ ಅಂತಲೂ ಕೆಲವರು ನಂಬಿದ್ದಾರೆ. ತನ್ನಷ್ಟೇ ತೂಕದ ನರಿಯನ್ನು ಹೊತ್ತು ಹಾರಲು ಅದಕ್ಕೆ ಆಗುವುದಿಲ್ಲ. ಒಂದು ಪಂಜದಲ್ಲಿ ನರಿಯ ಮೂತಿ, ಇನ್ನೊಂದರಲ್ಲಿ ಬೆನ್ನು ಹಿಡಿದು, ರೆಕ್ಕೆ ಹರಡಿ ಹಿಮದ ಮೇಲೆ ಕೂತಿರುತ್ತದೆ. ಅಂದರೆ ಹದ್ದು ಬೇಟೆಗಾರನ ಹತ್ತಿರ ಬರಲಿಲ್ಲ, ಬೇಟೆಗಾರನೇ ಇಳಿಜಾರಿನಲ್ಲಿ ಕುದುರೆ ಓಡಿಸಿಕೊಂಡು ಹದ್ದಿನ ಹತ್ತಿರ ಹೋದ. ಹೋಗಿ ಮಾಡುವ ಮೊದಲ ಕೆಲಸಗಳಲ್ಲಿ ಒಂದು, ಕೈಯಲ್ಲಿ ಮಾಂಸದ ತುಂಡು ತೋರಿಸುವುದು. ಹದ್ದು ನರಿ ಬಿಟ್ಟು ಕೈಗೆ ಬರುತ್ತದೆ. ನರಿಯ ಚರ್ಮ ಅವನಿಗೆ, ಮಾಂಸದ ತುಂಡು ಅದಕ್ಕೆ. ಅದರ ಲೆಕ್ಕದಲ್ಲಿ ಇದು ವ್ಯಾಪಾರ, ಅಷ್ಟೇ.

"ಹಾಗಾದರೆ ಕಾಡಿಗೆ ಬಿಟ್ಟ ಹದ್ದೂ ವಾಪಸ್ ಬಂದಿದೆಯಂತಲ್ಲ?" ಇದು ನಂತರ ಬರುವ ಪ್ರಶ್ನೆ, ಗೊತ್ತು. ಏಳೆಂಟು ವರ್ಷ, ಕೆಲವರು ಹತ್ತು ವರ್ಷ ಇಟ್ಟುಕೊಂಡು, ವಸಂತ ಬಂದಾಗ ಹದ್ದನ್ನು ದೂರದ ಬೆಟ್ಟಕ್ಕೆ ಒಯ್ದು ಬಿಡುತ್ತಾರೆ. ಅದು ಮರಿ ಮಾಡಿ ಬಾಳಲಿ ಅಂತ. ಹೋಗುವಾಗ ಕುರಿ ಕಡಿದು ಅಲ್ಲೇ ಇಟ್ಟು ಬರುವ ಪದ್ಧತಿಯೂ ಇದೆ. ಅಷ್ಟು ವರ್ಷ ಊಟ ಸಿಕ್ಕ ಜಾಗಕ್ಕೆ ಹಕ್ಕಿ ಮತ್ತೆ ಬಂದರೆ ಅದರಲ್ಲಿ ಆಶ್ಚರ್ಯವೇನು? ಪ್ರೀತಿಯೇ ಬೇಕು ಅಂದರೆ ಮನುಷ್ಯನ ಕಡೆ ಹುಡುಕಿ, ಕುರಿ ಕಡಿದಿಟ್ಟು ಬರುವವನು ಅವನು.

ನಮ್ಮಲ್ಲಿ ಇದು ಇತ್ತಾ? ಇದನ್ನು ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಗೋಲ್ಡನ್ ಈಗಲ್ ಇಟ್ಟುಕೊಂಡಲ್ಲ, ಚಿಕ್ಕ ಬೇಟೆಹಕ್ಕಿಗಳಿಂದ ಇತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಶ್ಯೇನವಿನೋದ ಅಂತ ಒಂದು ಭಾಗವೇ ಇದೆ, ಬೇಟೆಹಕ್ಕಿಗಳ ಆಟದ್ದು. ಗಿಡುಗಕ್ಕೆ ಡೇಗೆ ಅನ್ನುವ ಹಳೆಯ ಮಾತು ಕನ್ನಡದಲ್ಲಿ ಇನ್ನೂ ಉಳಿದಿದೆ. ಆ ಕಲ್ಯಾಣವೇ ಈಗಿನ ಬಸವಕಲ್ಯಾಣ.

ಆದರೆ 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಇಲ್ಲಿ ಕಾಡಿನ ಹದ್ದು, ಗಿಡುಗ ಹಿಡಿದು ಸಾಕುವುದು ಅಪರಾಧ. ಹೋದ ಸಲ ಇದನ್ನು ಬರೆದಾಗ "ಮರಿ ಎಲ್ಲಿ ಸಿಗುತ್ತೆ, ರೇಟ್ ಎಷ್ಟು" ಅಂತ ಮೂರು ಜನ ಕೇಳಿದ್ದರು. ದಯವಿಟ್ಟು ಈ ಸಲ ಬೇಡ.