ಹೊಗೆ ಹಾಕುವ ಸೌದೆಯನ್ನು ನೆನೆಸಬೇಕಾ?

ಪ್ರಶ್ನೆ: ತಾರಸಿಯಲ್ಲಿ ಮುಚ್ಚಳವಿರುವ ಇದ್ದಿಲು ಗ್ರಿಲ್ ಇದೆ. ಅದರಲ್ಲಿ ಹಂದಿ ಮಾಂಸಕ್ಕೆ ಹೊಗೆ ಹಾಕಬೇಕು ಅಂತಿದ್ದೇನೆ. ಯಾವ ಮರದ ಸೌದೆ ಒಳ್ಳೆಯದು? ಎಷ್ಟು ಹೊತ್ತು ನೀರಲ್ಲಿ ನೆನೆಸಬೇಕು?

ಎರಡನೇ ಪ್ರಶ್ನೆಗೇ ಮೊದಲು ಉತ್ತರ ಕೊಡುತ್ತೇನೆ. ನೆನೆಸಬೇಡಿ. ಅರ್ಧ ಗಂಟೆಯೂ ಬೇಡ, ರಾತ್ರಿಯಿಡೀ ಅಂತೂ ಬೇಡವೇ ಬೇಡ. ಎಷ್ಟು ಸಲ ಹೇಳಿದರೂ ಮತ್ಯಾರೋ ಬಂದು ಇದನ್ನೇ ಕೇಳುತ್ತಾರೆ. ಅದಕ್ಕೇ ಇವತ್ತು ಪೂರ್ತಿ ಬಿಡಿಸಿ ಹೇಳಿಬಿಡುತ್ತೇನೆ.

ಹಸಿ ಸೌದೆ ಒಲೆಗಿಟ್ಟರೆ ಏನಾಗುತ್ತೆ ಅಂತ ನಮ್ಮಲ್ಲಿ ಯಾರಿಗೆ ಗೊತ್ತಿಲ್ಲ? ಕಣ್ಣುರಿ, ಕೆಮ್ಮು, ಪಾತ್ರೆಗೆಲ್ಲ ಜಿಗುಟು ಮಸಿ. ಮಲೆನಾಡು, ಕೊಡಗಿನ ಮನೆಗಳಲ್ಲಿ ಮಳೆ ಹಿಡಿಯುವ ಮುಂಚೆಯೇ ಸೌದೆ ಒಡೆದು, ಒಣಗಿಸಿ, ಕೊಟ್ಟಿಗೆಯಲ್ಲಿ ಒಟ್ಟಿಡುತ್ತಿದ್ದದ್ದು ಅದಕ್ಕೇ ಅಲ್ವಾ? ಪಾತ್ರೆಯ ತಳಕ್ಕೇ ಬೇಡವಾದ ಹೊಗೆ ಮಾಂಸಕ್ಕೆ ಹೇಗೆ ಒಳ್ಳೆಯದಾಗುತ್ತೆ, ಹೇಳಿ.

ನೀರು 100 ಡಿಗ್ರಿಗೆ ಆವಿಯಾಗುತ್ತೆ. ಮರ ಒಡೆದು ಹೊಗೆ ಬಿಡಲು ಶುರುಮಾಡುವುದೇ 200 ಡಿಗ್ರಿ ದಾಟಿದ ಮೇಲೆ. ನಮಗೆ ಬೇಕಾದ ಘಮ ಹೆಚ್ಚಾಗಿ ಬರುವುದು ಮರದೊಳಗಿನ ಲಿಗ್ನಿನ್‌ನಿಂದ. ಅದು ಚೆನ್ನಾಗಿ ಒಡೆಯಲು 300–400 ಡಿಗ್ರಿ ಬೇಕು. ಆಗ ಗ್ವಾಯಕಾಲ್, ಸಿರಿಂಗಾಲ್ ಎಂಬ ಪದಾರ್ಥಗಳು ಹೊರಬರುತ್ತವೆ. ಹೊಗೆಯ ರುಚಿ, ವಾಸನೆ ಅಂತ ನಾವು ಗುರುತಿಸುವುದು ಮುಖ್ಯವಾಗಿ ಇವನ್ನೇ. ಸೌದೆ ಒದ್ದೆಯಿದ್ದರೆ ಕೆಂಡದ ಶಾಖವೆಲ್ಲ ಮೊದಲು ನೀರು ಓಡಿಸುವುದಕ್ಕೇ ಖರ್ಚಾಗುತ್ತೆ. ಆಗ ಬುಸುಬುಸು ಅಂತ ಏಳುವ ಬಿಳಿ ಮೋಡ ಬಹುಪಾಲು ಬರೀ ಆವಿ. ಅದನ್ನೇ ಹೊಗೆ ಅಂದುಕೊಂಡು ಜನ ಖುಷಿಪಡುತ್ತಾರೆ. ಅಷ್ಟರಲ್ಲಿ ಕೆಂಡ ತಣ್ಣಗಾಗಿ, ಅರೆಬರೆ ಉರಿದ ಸೌದೆಯಿಂದ ಕಹಿ ಹೊಗೆ ಬಂದು ಮಾಂಸಕ್ಕೆ ಮೆತ್ತುತ್ತೆ.

‘ನೆನೆಸಿದರೆ ಜಾಸ್ತಿ ಹೊತ್ತು ಬಾಳಿಕೆ ಬರುತ್ತೆ’ ಅಂತ ವಾದಿಸುವವರಿದ್ದಾರೆ. ಬರುತ್ತೆ, ಯಾಕೆಂದರೆ ಒಣಗುವ ತನಕ ಅದು ಸುಮ್ನೆ ಕೂತಿರುತ್ತೆ. ನಂಬಿಕೆ ಬರದಿದ್ದರೆ ರಾತ್ರಿಯಿಡೀ ನೆನೆಸಿದ ಕಾಫಿ ಗಿಡದ ತುಂಡೊಂದನ್ನು ಕತ್ತಿಯಲ್ಲಿ ಸೀಳಿ ನೋಡಿ. ಅಂಚಿನಲ್ಲಿ ಉಗುರಿನ ದಪ್ಪಕ್ಕೆ ಕಪ್ಪು ಗೆರೆ ಕಾಣುತ್ತೆ, ಒಳಗೆಲ್ಲ ಒಣಗಿದ ತಿಳಿ ಬಣ್ಣ. ನೀರು ಒಳಗೆ ಇಳಿದೇ ಇಲ್ಲ! ಹೊಗೆ ತುಂಬಾ ಹೊತ್ತು ಬರಬೇಕಾದರೆ ಸೌದೆಯ ಸಣ್ಣ ಚಕ್ಕೆ ಬಿಟ್ಟು ಮುಷ್ಟಿ ಗಾತ್ರದ ತುಂಡು ಹಾಕಿ. ಚಕ್ಕೆಯೇ ಇದ್ದರೆ ಫಾಯಿಲ್‌ನಲ್ಲಿ ಸುತ್ತಿ, ಎರಡು ತೂತು ಮಾಡಿ, ಕೆಂಡದ ಮೇಲಿಡಿ.

ನೀರು ಬೇಕೇ ಬೇಕು ಅನ್ನುವವರಿಗೆ ಸರಿಯಾದ ಜಾಗ ತೋರಿಸುತ್ತೇನೆ. ಮಾಂಸದ ಕೆಳಗೊಂದು ತಟ್ಟೆಯಲ್ಲಿ ನೀರಿಡಿ. ತೇವ ಇರುವ, ತಣ್ಣಗಿರುವ ಮಾಂಸಕ್ಕೆ ಹೊಗೆ ಚೆನ್ನಾಗಿ ಹಿಡಿಯುತ್ತೆ. ತೇವ ಇರಬೇಕಾದ್ದು ಮಾಂಸದ ಮೇಲೆ, ಸೌದೆಯಲ್ಲಲ್ಲ.

ಇನ್ನು ಯಾವ ಮರ? ಶಾಖಕ್ಕೆ ಇದ್ದಿಲು, ಘಮಕ್ಕೆ ಸೌದೆ ಅಂತ ಬೇರೆ ಬೇರೆ ಲೆಕ್ಕ ಇಟ್ಟುಕೊಳ್ಳಿ. ಇದ್ದಿಲಲ್ಲಿ ತೆಂಗಿನ ಚಿಪ್ಪಿನದು ನನಗೆ ಇಷ್ಟ, ಬೂದಿ ಕಡಿಮೆ, ಶಾಖ ಒಂದೇ ಸಮ. ಬೆಂಕಿ ಬೇಗ ಹತ್ತಲಿ ಅಂತ ಎಣ್ಣೆ ಹಾಕಿದ ಇದ್ದಿಲು ಬೇಡ. ಸೌದೆಯಲ್ಲಿ ಹಂದಿಗೆ ಕಾಫಿ, ಹುಣಸೆ. ಕೋಳಿ, ಮೀನಿಗೆ ಮಾವು, ಸೀಬೆ. ಎರಡು ಮೂರು ತುಂಡು ಸಾಕು. ಕಾಫಿ ತೋಟದವರ ಕೈಗೆ ಮೊದಲು ಸಿಗುವುದು ಸಿಲ್ವರ್ ಓಕ್. ವಿದೇಶಿ ರೆಸಿಪಿಯಲ್ಲಿ ಬರುವ ಓಕ್ ಮರಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದನ್ನು ಮುಟ್ಟಿದರೆ ಕೆಲವರಿಗೆ ಮೈ ತುರಿಸುತ್ತೆ, ನಾನು ಮಾಂಸದ ಹತ್ತಿರ ತರುವುದಿಲ್ಲ. ನೀಲಗಿರಿ, ಪೈನ್ ಬೇಡ. ಕಣಗಿಲೆ, ಕಾಸರಕ, ಹೊಲಗೇರು ಮುಟ್ಟಲೇಬೇಡಿ. ಗೋಡಂಬಿ ಸಿಪ್ಪೆಯಲ್ಲಿ ಮೈ ಸುಡುವ ಎಣ್ಣೆ ಇದೆ, ಅದೂ ಬೇಡ. ಪ್ಲೈವುಡ್, ಬಣ್ಣ ಬಳಿದ ಹಲಗೆ ಯಾವತ್ತೂ ಬೇಡ. ಪ್ಯಾಕಿಂಗ್ ಹಲಗೆಯ ಮೇಲೆ ‘ಎಂಬಿ’ (MB) ಮುದ್ರೆ ಇದ್ದರೆ ಅದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದಾರೆ ಅಂತ ಅರ್ಥ.

ಮೇಲಿನ ಗಾಳಿಕಿಂಡಿ ಯಾವಾಗಲೂ ತೆರೆದಿರಲಿ, ಶಾಖ ಹೆಚ್ಚು ಕಡಿಮೆ ಮಾಡುವುದು ಕೆಳಗಿನ ಕಿಂಡಿಯಿಂದ. ಗ್ರಿಲ್ ಒಳಗೆ 110–120 ಡಿಗ್ರಿ ಇರಲಿ. ತೆಳ್ಳಗೆ, ನೀಲಿ ಛಾಯೆಯ ಹೊಗೆ ಬಂದರೆ ಸರಿಯಾಗಿದೆ ಅಂತ ಲೆಕ್ಕ.

ನೀವು ಕೇಳಿಲ್ಲ, ಆದರೂ ಹೇಳಬೇಕು. ಹಿಂದೆ ಮನೆಗಳಲ್ಲಿ ಒಲೆಯ ಮೇಲೆ ನೇತು ಹಾಕಿದ ಮಾಂಸ ಮಳೆಗಾಲ ಪೂರ್ತಿ ಕೆಡದೆ ಹೇಗಿರುತ್ತಿತ್ತು? ಹೊಗೆಯಿಂದ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ದೊಡ್ಡ ಕೆಲಸ ಮಾಡಿದ್ದು ಉಪ್ಪು ಮತ್ತು ಒಣಗುವಿಕೆ. ಮಾಂಸವನ್ನು ಉದ್ದಕ್ಕೆ ಸೀಳಿ, ಉಪ್ಪು ಅರಿಶಿನ ತಿಕ್ಕಿ, ದಿನಗಟ್ಟಲೆ ಒಲೆಯ ಬಿಸಿಗೆ ತೂಗುಬಿಡುತ್ತಿದ್ದರು. ನೀರು ಹೋದ ಮೇಲೆ ಸೂಕ್ಷ್ಮಜೀವಿಗಳು ಬೆಳೆಯಲು ಆಗುತ್ತಿರಲಿಲ್ಲ. ಹೊಗೆ ನೊಣವನ್ನು ದೂರ ಇಟ್ಟಿತು, ಬೂಸ್ಟು ತಡೆಯಿತು, ಕೊಬ್ಬು ಕಮಟು ಹಿಡಿಯದಂತೆ ನೋಡಿಕೊಂಡಿತು. ಲಾಡಿಹುಳು ಸಾಯಲು ಮಾತ್ರ ಆ ಹೊಗೆ ಸಾಲದು. ಅದಕ್ಕೆ ತಿನ್ನುವ ಮುಂಚೆ ಚೆನ್ನಾಗಿ ಬೇಯಿಸಲೇಬೇಕು.

ತಾರಸಿಯ ಗ್ರಿಲ್‌ನಲ್ಲಿ ನಾಲ್ಕೈದು ಗಂಟೆ ಹೊಗೆ ಕುಡಿದ ಮಾಂಸ ಈ ಜಾತಿಯದಲ್ಲ. ಅದರೊಳಗೆ ನೀರು ಹಾಗೇ ಇರುತ್ತೆ. ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಹಾಕಿ, ಮೂರು ನಾಲ್ಕು ದಿನದಲ್ಲಿ ತಿಂದು ಮುಗಿಸಿ.