ಹದಿನೇಳನೆಯ ಬಣ್ಣ

ಮುರಿದ ಹಲ್ಲಿಗೆ ಕ್ಯಾಪ್ ಹಾಕಿಸಲು ಹೋದ ದಿನ ದಂತವೈದ್ಯೆ ಮೇಲಿನ ದೀಪವನ್ನು ಆರಿಸಿ, ನನ್ನ ಕುರ್ಚಿಯನ್ನು ಕಿಟಕಿಯ ಕಡೆಗೆ ತಿರುಗಿಸಿದರು. ಆಮೇಲೆ ಮೇಜಿನ ಖಾನೆಯಿಂದ ಒಂದು ಪಟ್ಟಿ ತೆಗೆದರು. ಅದರಲ್ಲಿ ಸಾಲಾಗಿ ಸಿಕ್ಕಿಸಿದ್ದ ಪಿಂಗಾಣಿ ಹಲ್ಲುಗಳು ಒಟ್ಟು 16. ಒಂದೊಂದನ್ನೇ ಕಿತ್ತು ನನ್ನ ಹಲ್ಲಿನ ಪಕ್ಕಕ್ಕೆ ಹಿಡಿದು ನೋಡಿ, ಕೊನೆಗೆ ‘ಎ3’ ಎಂದು ಬರೆದುಕೊಂಡರು. ಸೀರೆಗೆ ರವಿಕೆ ಬಟ್ಟೆ ಹೊಂದಿಸುವವರ ಗಾಂಭೀರ್ಯ ಅವರ ಮುಖದಲ್ಲಿತ್ತು.

ಆ ಪಟ್ಟಿಯನ್ನು ಕೇಳಿ ಪಡೆದು ನೋಡಿದೆ. ಜರ್ಮನಿಯ ವೀಟಾ ಕಂಪನಿ 1956ರಲ್ಲಿ ತಂದ ಈ ಬಣ್ಣದ ಸಾಲು ಇಂದಿಗೂ ಜಗತ್ತಿನ ದಂತ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ. ಎ ಗುಂಪು ಕೆಂಪು ಬೆರೆತ ಕಂದು, ಬಿ ಕೆಂಪು ಬೆರೆತ ಹಳದಿ, ಸಿ ಬೂದು, ಡಿ ಕೆಂಪು ಬೆರೆತ ಬೂದು. ತೀರಾ ತಿಳಿಯಾದ ಹಲ್ಲು ಕೂಡ ಕಾಗದದ ಪಕ್ಕ ಇಟ್ಟರೆ ಹಾಲಿನ ಕೆನೆಯಂತೆ ಕಾಣುತ್ತದೆ. ಮನುಷ್ಯರ ಹಲ್ಲಿನ ಬಣ್ಣಗಳನ್ನು ಹೊಂದಿಸಲೆಂದು ಮಾಡಿದ ಪಟ್ಟಿಯಲ್ಲಿ ಬಿಳಿಯೇ ಇಲ್ಲ! ಹಲ್ಲು ಬಿಳುಪಾಗಿಸುವ ವ್ಯಾಪಾರ ಬೆಳೆದ ಮೇಲೆ, ಬ್ಲೀಚ್ ಮಾಡಿಸಿಕೊಂಡವರಿಗೆಂದೇ ಇನ್ನೂ ತಿಳಿಯಾದ ಬಣ್ಣಗಳನ್ನು ಕಂಪನಿಗಳು ಸೇರಿಸಬೇಕಾಯಿತು. ಜಾಹೀರಾತಿನಲ್ಲಿ ಫಳಫಳ ಹೊಳೆಯುವ ನಗು ಆ ಹೊಸ ಸಾಲಿನದು.

ಹಲ್ಲಿನ ಹೊರಗವಚವಾದ ಎನಾಮೆಲ್ ನಮ್ಮ ದೇಹದಲ್ಲೇ ಅತ್ಯಂತ ಗಟ್ಟಿಯಾದ ವಸ್ತು. ತೂಕದಲ್ಲಿ ನೂರಕ್ಕೆ ಸುಮಾರು 96 ಭಾಗ ಖನಿಜ. ಅದು ಸುಣ್ಣ ಬಳಿದ ಗೋಡೆಯಲ್ಲ, ಮಸುಕು ಗಾಜು. ಬೆಳಕು ಅದರೊಳಗೆ ಹಾದುಹೋಗಿ, ಕೆಳಗಿರುವ ಡೆಂಟಿನ್ ಎಂಬ ಪದರವನ್ನು ಮುಟ್ಟಿ ಹಿಂತಿರುಗುತ್ತದೆ. ಡೆಂಟಿನ್ ಹುಟ್ಟಿನಿಂದಲೇ ಹಳದಿ. ಹಾಗಾಗಿ ನಮಗೆ ಕಾಣುವುದು ಗಾಜಿನಾಚೆಗಿನ ಹಳದಿ. ವಯಸ್ಸಾದಂತೆ ಗಾಜು ಸವೆದು ತೆಳ್ಳಗಾಗುತ್ತದೆ, ಡೆಂಟಿನ್ ಒಳಗಿನಿಂದ ದಪ್ಪಗಾಗುತ್ತಾ ಹೋಗುತ್ತದೆ. ಅರವತ್ತು ದಾಟಿದವರ ಹಲ್ಲು ಹಳದಿಯಾಗಿರುವುದಕ್ಕೆ ಅವರು ಸರಿಯಾಗಿ ಹಲ್ಲುಜ್ಜುವುದಿಲ್ಲ ಎಂಬ ಸೊಸೆಯಂದಿರ ಅನುಮಾನ ಕಾರಣವಾಗಬೇಕಿಲ್ಲ.

ಇದರ ಮೇಲೆ ಹೊರಗಿನ ಕಲೆಗಳು ಬೇರೆ. ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಎಂಜಲಿನಲ್ಲಿರುವ ಪ್ರೋಟೀನುಗಳು ಹಲ್ಲಿನ ಮೇಲೆ ತೆಳುವಾದ ಪೊರೆಯಾಗಿ ಕೂರುತ್ತವೆ. ಚಹಾ, ಕಾಫಿಗಳಲ್ಲಿರುವ ಟ್ಯಾನಿನ್ ಎಂಬ ಒಗರು ಅಂಟುವುದು ಈ ಪೊರೆಗೆ. ನನ್ನ ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುವುದನ್ನು ನೋಡುತ್ತಿದ್ದಾಗ ಇದೊಂದು ರಸಾಯನಶಾಸ್ತ್ರದ ಪ್ರಯೋಗ ಎಂದು ನನಗೆ ಹೊಳೆದಿರಲಿಲ್ಲ. ಎಲೆಯನ್ನು ಸೆರಗಿಗೆ ಒರೆಸಿ, ತೊಟ್ಟು ಮುರಿದು, ನಾರು ತೆಗೆದು, ತೋರುಬೆರಳಿನಿಂದ ಸುಣ್ಣ ಸವರುವಷ್ಟು ಹೊತ್ತು ಎಲ್ಲೂ ಕೆಂಪಿಲ್ಲ. ಎಲೆ ಹಸಿರು, ಸುಣ್ಣ ಬಿಳಿ, ಅಡಿಕೆ ಕಂದು. ಬಾಯಿಗೆ ಹಾಕಿ ನಾಲ್ಕು ಸಲ ಅಗಿದರೆ ಕೆಂಪು. ಅಡಿಕೆಯ ಒಗರು ಪದಾರ್ಥಗಳು ಸುಣ್ಣದ ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಡನೆ ಕೂಡಿ ಬಣ್ಣ ಬದಲಿಸುತ್ತವೆ. ಇಪ್ಪತ್ತು ಮೂವತ್ತು ವರ್ಷ ಹೀಗೆ ನಡೆದರೆ ಆ ಕೆಂಪು ಹಲ್ಲಿನ ಬುಡದಲ್ಲಿ ಕಂದಾಗಿ, ಕಪ್ಪಾಗಿ ಗಟ್ಟಿಯಾಗುತ್ತದೆ. ಹೊಗೆಸೊಪ್ಪು ಸೇರಿದರಂತೂ ಕೇಳುವುದೇ ಬೇಡ. ಅಲ್ಲಿ ಹಲ್ಲಿನ ಬಣ್ಣ ತೀರಾ ಸಣ್ಣ ಚಿಂತೆ, ಬಾಯಿಯ ಕ್ಯಾನ್ಸರ್ ದೊಡ್ಡದು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕಗಳ ಪಟ್ಟಿಯಲ್ಲಿದೆ ಎಂಬುದನ್ನು ಅಡಿಕೆಯ ಸೀಮೆಯವರಾದ ನಾವು ಕೇಳಿಸಿಕೊಳ್ಳಲು ಇಷ್ಟಪಡುವುದಿಲ್ಲ. ಕಬ್ಬಿಣಾಂಶದ ಟಾನಿಕ್ ಮತ್ತು ವೈದ್ಯರೇ ಬರೆದುಕೊಡುವ ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ದ್ರವವನ್ನು ದಿನಗಟ್ಟಲೆ ಬಳಸಿದರೂ ಕಲೆ ಬೀಳುತ್ತದೆ.

ಇವೆಲ್ಲ ದಂತವೈದ್ಯರು ಹಲ್ಲು ಶುಚಿ ಮಾಡಿದರೆ ಹೋಗುವ ಕಲೆಗಳು. ಆದರೆ ‘ಹಲ್ಲು ಕ್ಲೀನ್ ಮಾಡಿಸಿದರೆ ಸಡಿಲವಾಗುತ್ತವೆ’ ಎಂಬ ಮಾತು ನಮ್ಮಲ್ಲಿ ಬೇರೂರಿದೆ. ವಾಸ್ತವದಲ್ಲಿ ವಸಡನ್ನೂ ಮೂಳೆಯನ್ನೂ ಮೊದಲೇ ತಿಂದುಹಾಕಿದ ಗಟ್ಟಿ ಪಾಚಿಯೇ ಅಲ್ಲಿಯ ತನಕ ಗಾರೆಯಂತೆ ಸಂದುಗಳನ್ನು ತುಂಬಿಕೊಂಡಿರುತ್ತದೆ. ಅದು ಹೋದಾಗ ಹಲ್ಲಿನ ನಿಜಸ್ಥಿತಿ ಗೊತ್ತಾಗುತ್ತದೆ ಅಷ್ಟೆ.

ಶುಚಿ ಮಾಡಿಸಲು ಹೆದರುವವರು ಇದ್ದಿಲ ಪುಡಿಗೆ ಹೆದರುವುದಿಲ್ಲ. ಹಿಂದೆ ಒಲೆಯ ಬೂದಿ, ಇಟ್ಟಿಗೆ ಪುಡಿ, ಉಪ್ಪು ಇದ್ದವು. ಈಗ ಅದೇ ಇದ್ದಿಲು ಚಂದದ ಡಬ್ಬಿಯಲ್ಲಿ ದುಬಾರಿ ಬೆಲೆಗೆ ಬರುತ್ತದೆ. ಮೇಲಿನ ಕಲೆಯನ್ನು ಅದು ಉಜ್ಜಿ ತೆಗೆಯುವುದು ನಿಜ, ಜೊತೆಗೆ ಎನಾಮೆಲನ್ನೂ ಉಜ್ಜಬಲ್ಲದು. ಎನಾಮೆಲನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡಿನಿಂದ ಮೇಲೆ ಬರುವ ಹೊತ್ತಿಗೇ ಅಳಿದುಹೋಗಿರುತ್ತವೆ. ಸವೆದದ್ದು ಮತ್ತೆ ಬೆಳೆಯುವುದಿಲ್ಲ. ನಿಂಬೆರಸ ಹಚ್ಚುವುದು ಇನ್ನೂ ಕೆಟ್ಟದ್ದು. ಆಮ್ಲ ಮೊದಲು ಮೆದುಗೊಳಿಸುತ್ತದೆ, ಬ್ರಷ್ ಆಮೇಲೆ ಕೆರೆಯುತ್ತದೆ. ಗಾಜು ತೆಳುವಾದಷ್ಟೂ ಒಳಗಿನ ಹಳದಿ ಎದ್ದು ಕಾಣುತ್ತದೆ. ಬಿಳುಪಿನ ಆಸೆಗೆ ಉಜ್ಜಿ ಉಜ್ಜಿ ಹಳದಿ ಮಾಡಿಕೊಂಡವರನ್ನು ನಾನು ಬಲ್ಲೆ. ‘ತಕ್ಷಣ ಬಿಳುಪು’ ಎನ್ನುವ ಕೆಲವು ಪೇಸ್ಟುಗಳ ಉಪಾಯ ಮಾತ್ರ ಒಪ್ಪುವಂಥದ್ದು. ಅವುಗಳಲ್ಲಿರುವ ನೀಲಿ ಬಣ್ಣ ಹಲ್ಲಿನ ಮೇಲೆ ತೆಳುವಾಗಿ ಕೂತು ಹಳದಿಯನ್ನು ಮರೆಸುತ್ತದೆ. ಅಮ್ಮ ಬಿಳಿ ಪಂಚೆಗಳಿಗೆ ನೀಲಿ ಹಾಕಿ ಒಣಗಿಸುತ್ತಿದ್ದಳಲ್ಲ, ಅದೇ ವಿದ್ಯೆ. ಸಂಜೆಯೊಳಗೆ ತೊಳೆದುಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ.

ಆದರೆ ಎಷ್ಟು ಉಜ್ಜಿದರೂ ಹೋಗದ ಕಲೆಗಳಿವೆ. ನನ್ನ ಹಾಸ್ಟೆಲಿನ ಕೋಣೆಯಲ್ಲಿ ಪಾವಗಡದ ಕಡೆಯ ಹುಡುಗನೊಬ್ಬನಿದ್ದ. ನಗುವಾಗ ಕೈ ಬಾಯಿಗೆ ಹೋಗುತ್ತಿತ್ತು. ಎಲ್ಲರಿಗಿಂತ ಹೆಚ್ಚು ಹೊತ್ತು ಹಲ್ಲುಜ್ಜುತ್ತಿದ್ದವನು ಅವನೇ. ಒಂದು ದಿನ ಹತ್ತಿರದಿಂದ ನೋಡಿದೆ: ಮುಂದಿನ ಎರಡು ಹಲ್ಲುಗಳ ಮೇಲೂ ಒಂದೇ ಎತ್ತರದಲ್ಲಿ ಅಡ್ಡಡ್ಡವಾಗಿ ಕಂದು ಪಟ್ಟಿ, ಅದರ ಸುತ್ತ ಸುಣ್ಣದಂಥ ಬಿಳಿ ಮಚ್ಚೆ. ಎಡಬಲ ಎರಡೂ ಒಂದರ ಪ್ರತಿಬಿಂಬ ಇನ್ನೊಂದು. “ನಮ್ಮೂರಲ್ಲಿ ಎಲ್ಲರಿಗೂ ಹೀಗೆಯೇ, ನೀರಿನ ದೋಷ” ಎಂದ.

ಅವನು ಒಂದೇ ಮಾತಿನಲ್ಲಿ ಹೇಳಿದ್ದನ್ನು ಸಾಬೀತು ಮಾಡಲು ವಿಜ್ಞಾನಕ್ಕೆ 30 ವರ್ಷ ಹಿಡಿದಿತ್ತು. 1901ರಲ್ಲಿ ಫ್ರೆಡರಿಕ್ ಮೆಕೇ ಎಂಬ ಯುವ ದಂತವೈದ್ಯ ಅಮೆರಿಕದ ಕೊಲರಾಡೊ ಸ್ಪ್ರಿಂಗ್ಸ್ ಊರಿಗೆ ಬಂದಾಗ ಅಲ್ಲಿ ಹುಟ್ಟಿ ಬೆಳೆದವರ ಹಲ್ಲುಗಳಲ್ಲಿ ಕಂದು ಕಲೆ ಕಂಡ. ಹಂದಿ ಮಾಂಸ ಹೆಚ್ಚು ತಿಂದದ್ದಕ್ಕೆ, ಕೆಟ್ಟ ಹಾಲು ಕುಡಿದದ್ದಕ್ಕೆ ಎಂದು ಊರಿನವರು ಹೇಳುತ್ತಿದ್ದರು. ಪಠ್ಯಪುಸ್ತಕಗಳಲ್ಲಿ ಈ ಕಲೆಯ ಸುದ್ದಿಯೇ ಇರಲಿಲ್ಲ. 1909ರಲ್ಲಿ ಆ ಕಾಲದ ಹೆಸರಾಂತ ದಂತವಿಜ್ಞಾನಿ ಜಿ. ವಿ. ಬ್ಲ್ಯಾಕ್ ಜೊತೆಗೂಡಿದರು. ಊರಿನ ಮಕ್ಕಳಲ್ಲಿ ಬಹುಪಾಲು ಮಂದಿಗೆ ಕಲೆ ಇದ್ದದ್ದು, ಹೊರಗಿನಿಂದ ಬಂದ ದೊಡ್ಡವರಿಗೆ ಅದು ತಗಲದೆ ಇದ್ದದ್ದು ಖಚಿತವಾಯಿತು. ಇನ್ನೊಂದು ವಿಚಿತ್ರವೂ ಕಂಡಿತು: ಈ ಕಲೆಯ ಹಲ್ಲುಗಳು ಸುಲಭಕ್ಕೆ ಹುಳುಕಾಗುತ್ತಿರಲಿಲ್ಲ.

1923ರಲ್ಲಿ ಐಡಹೊ ರಾಜ್ಯದ ಓಕ್ಲಿ ಎಂಬ ಊರಿನ ತಾಯ್ತಂದೆಯರು ಮೆಕೇಗೆ ಹೇಳಿಕೊಂಡರು: ಬಿಸಿನೀರಿನ ಒಂದು ಚಿಲುಮೆಯಿಂದ ಕೊಳವೆ ಹಾಕಿ ನೀರು ತಂದ ಮೇಲೆ ಮಕ್ಕಳ ಹಲ್ಲು ಹೀಗಾಗಿದೆ. ನೀರನ್ನು ಪರೀಕ್ಷಿಸಿದರೆ ಏನೂ ಸಿಗಲಿಲ್ಲ. ಆದರೂ ಆ ನೀರನ್ನು ಬಿಟ್ಟು ಬೇರೆ ಚಿಲುಮೆಯ ನೀರು ಕುಡಿಯಿರಿ ಎಂದ. ಕೆಲವೇ ವರ್ಷಗಳಲ್ಲಿ ಚಿಕ್ಕ ಮಕ್ಕಳಿಗೆ ಕಲೆಯಿಲ್ಲದ ಹಲ್ಲು ಬಂದವು. ನೀರಿನಲ್ಲಿ ಇರುವುದೇನು ಎಂಬುದು ತಿಳಿದದ್ದು 1931ರಲ್ಲಿ. ಅರ್ಕಾನ್ಸಾ ರಾಜ್ಯದ ಬಾಕ್ಸೈಟ್ ಎಂಬ ಗಣಿ ಊರಿನಲ್ಲೂ ಇದೇ ಕಲೆ ಕಾಣಿಸಿತು. ಆ ಊರು ಅಲ್ಯೂಮಿನಿಯಂ ಕಂಪನಿ ಆಲ್ಕೋವಾದ್ದು. ಅಲ್ಯೂಮಿನಿಯಂ ಪಾತ್ರೆಗಳೇ ವಿಷ ಎಂದು ಜನ ಮಾತಾಡಿಕೊಳ್ಳುತ್ತಿದ್ದ ಕಾಲ. ಕಂಪನಿಯ ಮುಖ್ಯ ರಸಾಯನಶಾಸ್ತ್ರಜ್ಞ ಎಚ್. ವಿ. ಚರ್ಚಿಲ್ ಗಾಬರಿಯಿಂದಲೇ ಆ ನೀರನ್ನು ವರ್ಣಪಟಲದ ಉಪಕರಣದಲ್ಲಿ ಪರೀಕ್ಷೆ ಮಾಡಿಸಿದರು. ಸಿಕ್ಕಿದ್ದು ಲೀಟರಿಗೆ ಸುಮಾರು 13.7 ಮಿಲಿಗ್ರಾಂ ಫ್ಲೋರೈಡ್. ಅಷ್ಟು ವರ್ಷ ಯಾರೂ ಕಂಡುಹಿಡಿಯಲಿಲ್ಲ, ಏಕೆಂದರೆ ಯಾರೂ ಅದನ್ನು ಹುಡುಕಿರಲಿಲ್ಲ.

ಕೊಲರಾಡೊ ಸ್ಪ್ರಿಂಗ್ಸ್‌ನ ಫ್ಲೋರೈಡ್ ಬಂದದ್ದು ಪಕ್ಕದ ಪೈಕ್ಸ್ ಪೀಕ್ ಬೆಟ್ಟದ ಗ್ರಾನೈಟ್ ಶಿಲೆಯಿಂದ. ಪಾವಗಡ, ಬಾಗೇಪಲ್ಲಿ, ಮುಂಡರಗಿಗಳ ಕೆಳಗಿರುವುದೂ ಅಂಥದೇ ಹಳೆಯ ಕಲ್ಲು. ಮಳೆ ಕಡಿಮೆ, ಕೊಳವೆ ಬಾವಿ ಆಳ; ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಅದರ ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ದಾರಿಯಿಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅದನ್ನು ಬಹಳ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನಾಚೆ ಮೂಳೆ, ಕೀಲುಗಳಿಗೂ ಸಂಚಕಾರ. ನಮ್ಮ ದೇಶದಲ್ಲಿ ಅದು 1937ರಲ್ಲೇ ವರದಿಯಾಯಿತು, ಆಗ ಮದ್ರಾಸ್ ಪ್ರಾಂತದಲ್ಲಿದ್ದ ನೆಲ್ಲೂರು ಜಿಲ್ಲೆಯಿಂದ.

ಈ ಕಲೆ ಬೀಳುವುದು ವಸಡಿನೊಳಗೆ ಹಲ್ಲು ರೂಪುಗೊಳ್ಳುವಾಗ. ಎನಾಮೆಲ್ ಪಕ್ವವಾಗಬೇಕಾದರೆ ಅದರೊಳಗಿನ ಪ್ರೋಟೀನು ಹೊರಹೋಗಿ ಆ ಜಾಗಕ್ಕೆ ಖನಿಜ ತುಂಬಬೇಕು. ಫ್ಲೋರೈಡ್ ಹೆಚ್ಚಾದಾಗ ಪ್ರೋಟೀನು ಅಲ್ಲೇ ಉಳಿದು, ಎನಾಮೆಲ್ ಒಳಗೊಳಗೇ ರಂಧ್ರ ರಂಧ್ರವಾಗುತ್ತದೆ. ಅದು ಸುಣ್ಣದಂತೆ ಬಿಳಿಯಾಗಿ ಕಾಣುತ್ತದೆ. ಹಲ್ಲು ಬಾಯಿಗೆ ಬಂದ ಮೇಲೆ ಆ ರಂಧ್ರಗಳು ಬಣ್ಣ ಹೀರಿಕೊಂಡು ಕಂದಾಗುತ್ತವೆ. ಮುಂದಿನ ಶಾಶ್ವತ ಹಲ್ಲುಗಳು ರೂಪುಗೊಳ್ಳುವುದು ಮಗು ಹುಟ್ಟಿದ ಕೆಲವು ತಿಂಗಳಿಂದ ನಾಲ್ಕೈದನೆಯ ವಯಸ್ಸಿನವರೆಗೆ. ಎಡಬಲದ ಹಲ್ಲುಗಳು ಒಟ್ಟಿಗೇ ಬೆಳೆಯುವುದರಿಂದ ಕಲೆಯೂ ಜೋಡಿಯಾಗಿಯೇ ಬೀಳುತ್ತದೆ. ನನ್ನ ಗೆಳೆಯ ಹಾಸ್ಟೆಲಿನ ಕನ್ನಡಿಯ ಮುಂದೆ ಉಜ್ಜುತ್ತಿದ್ದದ್ದು ತಾನು ಅಂಗಳದಲ್ಲಿ ಆಡುತ್ತಿದ್ದ ದಿನಗಳಲ್ಲಿ ಕುಡಿದ ನೀರನ್ನು.

ಟೆಟ್ರಾಸೈಕ್ಲಿನ್ ಎಂಬ ಆ್ಯಂಟಿಬಯಾಟಿಕ್ ಮಾತ್ರೆಯದೂ ಇದೇ ಬಗೆಯ ಕಥೆ. ಅದು ಕ್ಯಾಲ್ಸಿಯಂಗೆ ಅಂಟಿಕೊಂಡು ಬೆಳೆಯುತ್ತಿರುವ ಡೆಂಟಿನ್ನಿನೊಳಗೆ ಸೇರಿ, ಮುಂದೆ ಬೆಳಕು ಬಿದ್ದಂತೆ ಬೂದು ಕಂದಾಗುತ್ತದೆ. ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಅದನ್ನು ಸಾಮಾನ್ಯವಾಗಿ ಕೊಡದಿರುವುದು ಇದಕ್ಕೇ. ಬಾಯಲ್ಲಿ ಒಂದೇ ಒಂದು ಹಲ್ಲು ಕಪ್ಪಾಗಿದ್ದರೆ ಎಂದೋ ಬಿದ್ದು ಪೆಟ್ಟಾಗಿ ಅದರ ತಿರುಳು ಸತ್ತಿರುವ ಸಾಧ್ಯತೆ ಹೆಚ್ಚು.

ಒಳಗಿನ ಬಣ್ಣಕ್ಕೆ ಕೈ ಹಾಕಬಲ್ಲದ್ದು ಪೆರಾಕ್ಸೈಡ್. ಹಲ್ಲಿನ ಬಿಳುಪಿಗೆ ಅದನ್ನು ವೈದ್ಯರು ಹಿಂದಿನಿಂದಲೂ ಬಳಸುತ್ತಿದ್ದರೂ, ಮನೆಯಲ್ಲೇ ಮಾಡಿಕೊಳ್ಳುವ ವಿಧಾನ ಸಿಕ್ಕಿದ್ದು ಆಕಸ್ಮಿಕವಾಗಿ. 1960ರ ದಶಕದ ಕೊನೆಗೆ, ಮತ್ತೆ ಅರ್ಕಾನ್ಸಾದಲ್ಲೇ, ಹಲ್ಲು ನೇರ ಮಾಡುವ ವೈದ್ಯನೊಬ್ಬ ವಸಡಿನ ಊತಕ್ಕೆಂದು ಪೆರಾಕ್ಸೈಡ್ ಇದ್ದ ಔಷಧ ಹಾಕಿಸಿದ. ವಸಡಿನ ಊತ ಇಳಿದದ್ದರ ಜೊತೆಗೆ ಹಲ್ಲುಗಳೂ ತಿಳಿಯಾದವು. 1989ರಲ್ಲಿ ಹೇವುಡ್ ಮತ್ತು ಹೈಮನ್ ಅದನ್ನು ಪ್ರಕಟಿಸಿದ ಮೇಲೆ ಎಲ್ಲೆಡೆ ಹರಡಿತು. ಹಲ್ಲಿನ ಅಚ್ಚಿಗೆ ಹೊಂದುವ ತೆಳು ಟ್ರೇಯಲ್ಲಿ 10 ಶೇಕಡಾ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ತುಂಬಿ ರಾತ್ರಿ ಹಾಕಿಕೊಳ್ಳುವುದು. ಅದು ಒಡೆದು ಸುಮಾರು 3.5 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಆಗಿ, ಎನಾಮೆಲ್ ದಾಟಿ ಡೆಂಟಿನ್ನಿಗೆ ಇಳಿಯುತ್ತದೆ. ಬಣ್ಣದ ಅಣುಗಳನ್ನು ತುಂಡರಿಸಿ ಬಣ್ಣಗೆಡಿಸುತ್ತದೆ. ತಿರುಳಿನವರೆಗೂ ಹೋಗುವುದರಿಂದಲೇ ಕೆಲವು ದಿನ ತಣ್ಣೀರು ಕುಡಿದರೆ ಜುಂ ಎನ್ನುತ್ತದೆ. ಕ್ಯಾಪಿಗೂ ಸಿಮೆಂಟಿಗೂ ಇದು ನಾಟುವುದಿಲ್ಲ. ಮೊದಲು ಕ್ಯಾಪ್ ಹಾಕಿಸಿ ಆಮೇಲೆ ಬ್ಲೀಚ್ ಮಾಡಿಸಿದವರ ಬಾಯಿ ಎರಡು ಬಣ್ಣದ್ದಾಗುತ್ತದೆ. ಐರೋಪ್ಯ ಒಕ್ಕೂಟದಲ್ಲಿ ಅಂಗಡಿಯಲ್ಲಿ ಮಾರುವ ಸರಕಿಗೆ 0.1 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ ಮಿತಿ. 6 ಶೇಕಡಾವರೆಗಿನದು ದಂತವೈದ್ಯರ ಮೂಲಕವೇ, ಅದೂ 18 ತುಂಬಿದವರಿಗೆ ಮಾತ್ರ.

ಫ್ಲೋರೈಡ್ ಕಲೆಗೆ ಬ್ಲೀಚ್ ಅರ್ಧ ಉತ್ತರ. ಕಂದು ತಿಳಿಯಾಗುತ್ತದೆ, ಬಿಳಿ ಮಚ್ಚೆ ಕೆಲವೊಮ್ಮೆ ಮೊದಮೊದಲು ಇನ್ನಷ್ಟು ಎದ್ದು ಕಾಣುತ್ತದೆ. ಆಮ್ಲವೂ ನುಣ್ಣನೆಯ ಪುಡಿಯೂ ಸೇರಿದ ಲೇಪದಿಂದ ಮೇಲ್ಪದರವನ್ನು ಕೂದಲೆಳೆಯಷ್ಟು ಸವೆಸುವುದು, ರಂಧ್ರಗಳಿಗೆ ಪಾರದರ್ಶಕ ರೆಸಿನ್ ಇಳಿಸುವುದು ಇತರ ದಾರಿಗಳು. ಗೆಳೆಯ ಕೆಲಸಕ್ಕೆ ಸೇರಿದ ಮೇಲೆ ಮೊದಲಿನದನ್ನು ಮಾಡಿಸಿಕೊಂಡ. ಪಟ್ಟಿ ಮಸುಕಾಗಿದೆ. ಕೈ ಮಾತ್ರ ಈಗಲೂ ಬಾಯಿಗೆ ಹೋಗುತ್ತದೆ.

ಊರಿಗೆ ಶುದ್ಧ ನೀರಿನ ಘಟಕ ಬಂದ ಮೇಲೆ ಹುಟ್ಟಿದವಳು ಅವನ ಮಗಳು. ಕಳೆದ ವರ್ಷ ಅವಳ ಮುಂದಿನ ಹಾಲುಹಲ್ಲು ಬಿದ್ದು ಹೊಸವು ಬಂದಾಗ ಮೊಬೈಲಿನ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದನಂತೆ. ಗರಗಸದಂಥ ಅಂಚು, ಪಟ್ಟಿಯಿಲ್ಲ, ಮಚ್ಚೆಯಿಲ್ಲ. ಹೆಂಡತಿಗೆ ಸಮಾಧಾನವಾಗಲಿಲ್ಲ. “ಪಕ್ಕದ ಹಾಲುಹಲ್ಲು ಎಷ್ಟು ಬೆಳ್ಳಗಿವೆ, ಇವು ಯಾಕೆ ಹೀಗೆ ಹಳದಿ? ಪೇಸ್ಟ್ ಬದಲಿಸಬೇಕೇನೋ” ಎಂದು ಕೇಳಿದರಂತೆ. ಹಾಲುಹಲ್ಲಿನ ಎನಾಮೆಲ್ ಹೆಚ್ಚು ಮಬ್ಬು, ಒಳಗಿನದನ್ನು ಮರೆಸುತ್ತದೆ. ಶಾಶ್ವತ ಹಲ್ಲು ಮೊದಲ ದಿನದಿಂದಲೇ ತುಸು ಹಳದಿ. ಅವನು ನನಗೆ ಫೋನ್ ಮಾಡಿದ್ದು ಅದನ್ನೇ ಕೇಳಲು. “ಎಷ್ಟು ಹಳದಿ?” ಎಂದೆ. ಸ್ವಲ್ಪ ಯೋಚಿಸಿ ಹೇಳಿದ: “ಬೆಣ್ಣೆಯಷ್ಟು.”