ಹಳೆಯ ಡಿಸ್ಕ್ ಬಲಕ್ಕೆ ಓಡುತ್ತಿದೆ, ಬಿಸಾಡಬೇಕಾ?

ಪ್ರಶ್ನೆ: ಮೈಸೂರಿನಲ್ಲಿ ನಾವು ಕೆಲವು ಗೆಳೆಯರು ಮರಗಳಿಗೆ ಗುರುತು ಕಟ್ಟಿ ಡಿಸ್ಕ್ ಗಾಲ್ಫ್ ಆಡುತ್ತೇವೆ, ಅಂದರೆ ತಟ್ಟೆಯಂಥ ಪ್ಲಾಸ್ಟಿಕ್ ಡಿಸ್ಕನ್ನು ಆದಷ್ಟು ಕಡಿಮೆ ಎಸೆತಗಳಲ್ಲಿ ಗುರುತಿಗೆ ಮುಟ್ಟಿಸುವ ಆಟ. ನನ್ನ ಡ್ರೈವರ್ (ದೂರಕ್ಕೆ ಎಸೆಯುವ ಡಿಸ್ಕ್) ಮೊದಲೆಲ್ಲ ನೇರ ಹೋಗಿ ಕೊನೆಗೆ ಎಡಕ್ಕೆ ಇಳಿಯುತ್ತಿತ್ತು. ಈಗ ಕೈ ಬಿಟ್ಟ ತಕ್ಷಣ ಬಲಕ್ಕೆ ವಾಲುತ್ತದೆ, ಎಡಕ್ಕೆ ಬರುವುದೇ ಇಲ್ಲ. ಡಿಸ್ಕ್ ಹಾಳಾಯ್ತಾ? ಹೊಸದು ತಗೋಬೇಕಾ?

ಉತ್ತರ: ಹಾಳಾಗಿಲ್ಲ, ಸವೆದಿದೆ. ದಯವಿಟ್ಟು ಬಿಸಾಡಬೇಡಿ.

ಆದರೆ ಮೊದಲು ಗಾಳಿ ನೋಡಿ. ಆಷಾಢದಲ್ಲಿ ನಮ್ಮ ಬಯಲುಗಳಲ್ಲಿ ಗಾಳಿ ಎಷ್ಟು ಜೋರು ಅಂತ ನಿಮಗೇ ಗೊತ್ತು. ಎದುರುಗಾಳಿಗೆ ಎಸೆದರೆ ಹೊಸ ಡಿಸ್ಕ್ ಕೂಡ ಬಲಕ್ಕೆ ವಾಲುತ್ತದೆ. ಆಡಿ ಆಡಿ ನಿಮ್ಮ ಎಸೆತದ ವೇಗ ಹೆಚ್ಚಿದ್ದರೂ ಅಷ್ಟೇ. ಹಾಗಾಗಿ ಗಾಳಿ ಏಳುವ ಮುಂಚೆ, ಬೆಳಿಗ್ಗೆ ಬೇಗ ಹೋಗಿ. ಅದೇ ಮಾದರಿಯ, ಅದೇ ಪ್ಲಾಸ್ಟಿಕ್ಕಿನ, ಅಷ್ಟೇ ತೂಕದ ಹೊಸ ಡಿಸ್ಕ್ ಯಾರ ಬಳಿಯಾದರೂ ಇದ್ದರೆ ಎರಡನ್ನೂ ಒಟ್ಟಿಗೆ ಎಸೆದು ನೋಡಿ. ಹೊಸದು ಎಡಕ್ಕೆ ಇಳಿದು, ಹಳೆಯದು ಬಲಕ್ಕೇ ಹೋದರೆ ಸವೆತವೇ ಕಾರಣ.

ಯಾಕೆ ಹೀಗೆ? ಬಲಗೈಯನ್ನು ಎದೆಗೆ ಅಡ್ಡ ತಂದು ಹೊರಕ್ಕೆ ಬೀಸಿ, ಅಂದರೆ ಬ್ಯಾಕ್‌ಹ್ಯಾಂಡ್ ಎಸೆದ ಡಿಸ್ಕ್, ಮೇಲಿನಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗುತ್ತಿರುತ್ತದೆ. ವೇಗ ಜಾಸ್ತಿ ಇರುವಾಗ ಗಾಳಿ ಅದರ ಮೂತಿಯನ್ನು, ಅಂದರೆ ಮುಂದಿನ ಅಂಚನ್ನು, ಕೆಳಕ್ಕೆ ತಳ್ಳಲು ನೋಡುತ್ತದೆ. ತಿರುಗುವ ಬುಗುರಿಯನ್ನು ಮುಂದಕ್ಕೆ ತಳ್ಳಿದರೆ ಅದು ಪಕ್ಕಕ್ಕೆ ವಾಲುತ್ತದಲ್ವಾ? ಇಲ್ಲೂ ಹಾಗೇ. ಮೂತಿ ಕೆಳಗಾಗುವ ಬದಲು ಡಿಸ್ಕ್ ಬಲಕ್ಕೆ ವಾಲುತ್ತದೆ. ಕೊನೆಗೆ ವೇಗ ಇಳಿದಾಗ ಗಾಳಿ ಮೂತಿಯನ್ನು ಮೇಲಕ್ಕೆತ್ತುತ್ತದೆ, ಆಗ ಎಡಕ್ಕೆ ವಾಲುತ್ತದೆ. ಡಿಸ್ಕಿನ ಮೇಲೆ ಬರೆದ ನಾಲ್ಕು ಅಂಕಿಗಳಲ್ಲಿ ಕೊನೆಯ ಎರಡು ಇವೇ, ಟರ್ನ್ (ಮೊದಲು ಬಲಕ್ಕೆ ವಾಲುವುದು) ಮತ್ತು ಫೇಡ್ (ಕೊನೆಗೆ ಎಡಕ್ಕೆ ಇಳಿಯುವುದು). ಟರ್ನ್ ಅಂಕಿ ಮೈನಸ್ ಕಡೆಗೆ ಹೋದಷ್ಟೂ ಡಿಸ್ಕ್ ಬಲಕ್ಕೆ ಹೆಚ್ಚು ವಾಲುತ್ತದೆ.

ಈ ಎರಡರ ಲೆಕ್ಕ ಬಹುಮಟ್ಟಿಗೆ ಹೊರ ಅಂಚಿನ ಆಕಾರದ ಮೇಲೆ ನಿಂತಿದೆ. ಅಂಚಿನ ತುದಿ ಎತ್ತರದಲ್ಲಿದ್ದರೆ ಡಿಸ್ಕ್ ಎಡಕ್ಕೆ ಎಳೆಯುತ್ತದೆ, ತಗ್ಗಿನಲ್ಲಿದ್ದರೆ ಬಲಕ್ಕೆ. ಚಾಮುಂಡಿ ಬೆಟ್ಟದ ತಪ್ಪಲಿನಂಥ ಕಲ್ಲುನೆಲಕ್ಕೆ ಉಜ್ಜಿ, ಮರಗಳಿಗೆ ಬಡಿದು, ಆ ತುದಿ ಸ್ವಲ್ಪ ಸ್ವಲ್ಪವೇ ಜಜ್ಜಿ ಕೆಳಗಿಳಿಯುತ್ತದೆ. ಟರ್ನ್ -1 ಇದ್ದ ಡಿಸ್ಕ್ -2, -3ರಂತೆ ಹಾರತೊಡಗುತ್ತದೆ, ಫೇಡ್ ಕರಗುತ್ತದೆ. ಇನ್ನೋವಾ ಕಂಪನಿಯ ಡಿಎಕ್ಸ್‌ನಂಥ ಅಗ್ಗದ ಪ್ಲಾಸ್ಟಿಕ್‌ನಲ್ಲಿ ಇದು ಬೇಗ ಆಗುತ್ತದೆ. ಅದೇ ಕಂಪನಿಯ ಚಾಂಪಿಯನ್, ಸ್ಟಾರ್ ಪ್ಲಾಸ್ಟಿಕ್‌ಗಳು ತುಂಬಾ ಕಾಲ ತಡೆಯುತ್ತವೆ. ಅಂದಹಾಗೆ, ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಇಲ್ಲಿನ ಗಾಳಿ ಸ್ವಲ್ಪ ತೆಳು. ಇದೇ ಡಿಸ್ಕನ್ನು ಮಂಗಳೂರಿನಲ್ಲಿ ಎಸೆದರೆ ಇನ್ನೂ ಕೊಂಚ ಜಾಸ್ತಿ ಬಲಕ್ಕೆ ಹೋಗುತ್ತದೆ.

ನನಗೆ ಸವೆದ ಡಿಸ್ಕ್ ಅಂದರೆ ಬಹಳ ಇಷ್ಟ. ಮೆಲ್ಲಗೆ ಎಸೆದರೂ ಉದ್ದಕ್ಕೆ ತೇಲುತ್ತದೆ. ಎಡಕ್ಕೆ ಕೊಂಚ ವಾಲಿಸಿ ಬಿಟ್ಟರೆ ತಾನೇ ನೆಟ್ಟಗಾಗಿ ಮರಗಳ ಸಂದಿಯಲ್ಲಿ ನೇರ ನುಗ್ಗುತ್ತದೆ. ಬಲಕ್ಕೆ ಬಾಗಿದ ದಾರಿಗಂತೂ ಹೇಳಿ ಮಾಡಿಸಿದ್ದು. ಅದಕ್ಕೇ ಅದೇ ಮಾದರಿಯ ಹೊಸದೊಂದು ತಗೊಂಡು, ಹಳೆಯದನ್ನೂ ಚೀಲದಲ್ಲೇ ಇಟ್ಟುಕೊಳ್ಳಿ. ಎದುರುಗಾಳಿಗೆ ಹೊಸದು, ಹಿಂಗಾಳಿಗೆ ಹಳೆಯದು.

ಹಾರುವಾಗ ಡಿಸ್ಕ್ ಅದುರುತ್ತಿದ್ದರೆ ಸೊಟ್ಟಗಾಗಿರಬಹುದು. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಟ್ಟರೆ ಹೀಗಾಗುತ್ತದೆ. ಕೈಯಲ್ಲೇ ಬಗ್ಗಿಸಿ ಸರಿಮಾಡಿ, ಸಮತಟ್ಟಾದ ಜಾಗದಲ್ಲಿ ಮಲಗಿಸಿಡಿ.

ಅಂಚಿನಲ್ಲಿ ಎದ್ದ ಸಿಬಿರು ಬೆರಳಿಗೆ ಚುಚ್ಚಿದರೆ ಎಮರಿ ಪೇಪರಿನಿಂದ ನಯ ಮಾಡಿಕೊಳ್ಳಬಹುದು. ಡಿಸ್ಕ್ ಗಾಲ್ಫಿನ ಅಂತರರಾಷ್ಟ್ರೀಯ ಸಂಸ್ಥೆ ಪಿಡಿಜಿಎಯ ನಿಯಮ ಇಷ್ಟಕ್ಕೆ ಒಪ್ಪುತ್ತದೆ. ಹೊಸ ಡಿಸ್ಕನ್ನು ಬೇಗ ಹಳೆಯದು ಮಾಡೋಣ ಅಂತ ಅಂಚನ್ನೇ ಉಜ್ಜಿ ಹಾರಾಟ ಬದಲಿಸುವುದಕ್ಕೆ ಒಪ್ಪುವುದಿಲ್ಲ. ಬಿರುಕು ಬಿಟ್ಟ ಡಿಸ್ಕನ್ನೂ ಸ್ಪರ್ಧೆಯಲ್ಲಿ ಎಸೆಯುವಂತಿಲ್ಲ.